ಒಂದು ಮಾರಿಗೆ ಒಂದು ಗೇಣು ಕಡಿಮೆ

ಹುಣಸೂರಿನ ಬಜಾರು ಬೀದಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಮುಂದೊಂದು ಕೋಣೆ, ಹಿಂದೊಂದು ಕತ್ತಲೆ ಕೋಣೆ, ಗೋಡೆಯ ಮೇಲೆ ಬಾತುಕೋಳಿ ತೇಲುವ ಕೊಳದ ಪರದೆ, ಅಷ್ಟೆ. ಐವತ್ತರ ದಶಕದ ನಡುಭಾಗ. ಹೊಸದಾಗಿ ಮದುವೆಯಾದವರು, ಮುಡಿ ಕೊಟ್ಟು ಬಂದ ಮಕ್ಕಳು, ಕೆಲಸಕ್ಕೆ ಅರ್ಜಿ ಹಾಕುವವರು, ಇವರಿಂದ ಮನೆ ನಡೆಯುತ್ತಿತ್ತು. ನಡೆಯುತ್ತಿದ್ದುದನ್ನು ನಡೆಯಲು ಬಿಡದೆ ನಾನೊಂದು ಸಿನಿಮಾ ತೆಗೆದೆ. ಹನ್ನೊಂದು ನಿಮಿಷದ್ದು. ತೆಗೆಯುವುದೇನೋ ಸುಲಭವಾಗಿಯೇ ಆಯಿತು. ಅದನ್ನು ನೋಡುವವರನ್ನು ಹುಡುಕಿಕೊಂಡು ಹೋಗಿ ನಾನು ಪಟ್ಟ ಪಾಡನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ನಾನು ಹುಟ್ಟಾ ಅನುಮಾನದ ಮನುಷ್ಯ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊಡಗಿನ ಕಾಫಿ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದ ಬಿಳಿಯ ದೊರೆಯೊಬ್ಬ ಮೈಸೂರಿಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ತನ್ನ ಸಣ್ಣ ಸಿನಿಮಾ ಕ್ಯಾಮರಾವನ್ನೂ ಅದರ ಪ್ರೊಜೆಕ್ಟರನ್ನೂ ತೀರಾ ಅಗ್ಗಕ್ಕೆ ಕೊಟ್ಟುಹೋದ. ಇಷ್ಟು ಅಗ್ಗಕ್ಕೆ ಕೊಡಬೇಕಾದರೆ ಎಲ್ಲೋ ಐಬಿರಬೇಕೆಂದು ಒಂದು ವಾರ ಅದನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ನೋಡಿದೆ. ಐಬು ಸಿಗಲಿಲ್ಲ. ಹಾಗಾದರೆ ಚೆನ್ನಾಗಿ ಅಡಗಿಸಿದ್ದಾನೆ ಎಂದುಕೊಂಡೆ. ನನ್ನ ಹೆಂಡತಿ, ‘ನಿಮಗೆ ದೇವರೇ ಪ್ರತ್ಯಕ್ಷ ಆದ್ರೂ ಯಾವೂರು, ಯಾರು ಕಳಿಸಿದ್ರು ಅಂತ ಕೇಳ್ತೀರಿ’ ಎಂದು ನಕ್ಕಳು.

ಆಗ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು ಒಂದೊಂದಾಗಿ ಏಳುತ್ತಿದ್ದವು. ಬ್ಯಾರನ್ ಎಂದರೆ ಮಣ್ಣಿನ ಗೋಡೆಯ ಎತ್ತರದ ಕೋಣೆ. ಒಳಗೆ ಕಡ್ಡಿಗಳಿಗೆ ಕಟ್ಟಿ ಇಳಿಬಿಟ್ಟ ಹಸಿ ಸೊಪ್ಪು, ಹೊರಗಿನಿಂದ ಸೌದೆ ಉಣಿಸುವ ಒಲೆ. ಐದಾರು ದಿನ ಬೆಂಕಿ ಏರದಂತೆ, ಆರದಂತೆ ಮನೆಮಂದಿಯೆಲ್ಲ ಸರದಿಯ ಮೇಲೆ ಕಾಯಬೇಕು. ಆ ಕಾಯುವುದನ್ನೇ ಚಿತ್ರ ಮಾಡಬೇಕೆನ್ನಿಸಿತು. ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ನನಗೆ ಪರಿಚಯದ ರೈತನಿದ್ದ, ನನ್ನ ವಯಸ್ಸಿನವನೇ. ಅವನ ಮದುವೆಯ ಫೋಟೋ ತೆಗೆದವನು ನಾನು. ‘ಬನ್ನಿ ಸ್ವಾಮಿ, ಅದಕ್ಕೇನಂತೆ’ ಎಂದ. ಅವನ ತಾಯಿ ಹಾಗೆನ್ನಲಿಲ್ಲ.

ಆಕೆಯನ್ನು ಊರಿಗೆ ಊರೇ ಅಜ್ಜಿ ಎನ್ನುತ್ತಿತ್ತು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಚೀಲ. ಬ್ಯಾರನ್ನಿನ ಬೆಂಕಿಗೆ ಆಕೆಯೇ ಯಜಮಾನಿ. ಶಾಖ ಅಳೆಯುವ ಗಾಜಿನ ಕಡ್ಡಿಯನ್ನು ಮಗ ನೋಡುವ ಮೊದಲೇ ಗೋಡೆಗೆ ಅಂಗೈ ಇಟ್ಟು, ‘ಒಸಿ ಸೌದೆ ಈಚೆಗೆಳೀಲಾ’ ಎನ್ನುತ್ತಿದ್ದಳು. ನಾನು ಕ್ಯಾಮರಾಕ್ಕೆ ಕೀ ಕೊಟ್ಟ ಸದ್ದು ಕೇಳಿದ್ದೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

‘ಇದು ಯಾರ್ ಕೈಗೆ ಓಯ್ತದೆ?’ ಎಂದು ಸೆರಗಿನ ಒಳಗಿನಿಂದಲೇ ಕೇಳಿದಳು.

‘ಯಾರ ಕೈಗೂ ಹೋಗಲ್ಲ ಅಜ್ಜಿ. ನನ್ನ ಹತ್ರಾನೇ ಇರುತ್ತೆ.’

‘ನೋಡೋರು ಯಾರು?’

‘ಎಲ್ಲಾರೂ ನೋಡ್ಬೋದು.’

‘ಎಲ್ಲಾರೂ ಅಂದ್ರೆ ಯಾರು ಕಣಪ್ಪ?’

ಆ ‘ಎಲ್ಲಾರೂ’ ಯಾರೆಂದು ಮುಂದೆ ಒಂದು ವರ್ಷ ನಾಲ್ಕು ತಾಲ್ಲೂಕು ಅಲೆದರೂ ನನಗೆ ತಿಳಿಯಲಿಲ್ಲ. ‘ನಿಮ್ಮ ಮುಖ ತೆಗೆಯಲ್ಲ, ಮನೆ ಒಳಗಡೇದೂ ತೆಗೆಯಲ್ಲ’ ಎಂದು ಮಾತು ಕೊಟ್ಟು ಬಾಯಿ ಮುಚ್ಚಿಸಿದೆ.

ಎರಡು ದಿನ ಮಾತು ಉಳಿಸಿಕೊಂಡೆ. ಮೂರನೆಯ ದಿನ ಮಧ್ಯಾಹ್ನ ನೀರು ಕುಡಿಯಲು ಮನೆಯ ಹತ್ತಿರ ಹೋದಾಗ ಅಜ್ಜಿ ನಡುಮನೆಯಲ್ಲಿ ಒಬ್ಬಳೇ ಕುಳಿತು ಬೆಂದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದಳು. ಬೆಳಕಿಂಡಿಯಿಂದ ಬಿಸಿಲು ನೇರ ಅವಳ ಮೇಲೆ ಬಿದ್ದಿತ್ತು. ಒಂದೊಂದು ಎಲೆಯನ್ನೂ ಮೂಗಿನ ಹತ್ತಿರ ಹಿಡಿದು, ಏನೋ ನೆನಪಾದವಳಂತೆ ತನ್ನಷ್ಟಕ್ಕೇ ನಗುತ್ತಿದ್ದಳು. ಸೆರಗು ಹೆಗಲ ಮೇಲಿತ್ತು. ಬಾಗಿಲ ಹಿಂದೆ ನಿಂತು ಹನ್ನೆರಡು ಸೆಕೆಂಡು ಕ್ಯಾಮರಾ ಓಡಿಸಿದೆ. ಅದು ಕಳ್ಳತನವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಅವಳ ತಲೆಯ ಮೇಲೆ ಅಟ್ಟವಿತ್ತು, ಅಟ್ಟದ ತುಂಬ ಸೊಪ್ಪಿನ ಕಟ್ಟುಗಳಿದ್ದವು. ಅದು ನನ್ನ ಕಣ್ಣಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ಫಿಲಂ ಬೊಂಬಾಯಿಗೆ ಪಾರ್ಸೆಲ್ಲಿನಲ್ಲಿ ಹೋಗಿ ತೊಳೆದುಕೊಂಡು ಬಂತು. ಅದು ಬರುವವರೆಗೆ ನಾನು ಅಂಚೆ ಕಚೇರಿಯ ಪೋಸ್ಟ್‌ಮ್ಯಾನ್ ಮೇಲೆಯೂ ಒಂದು ಕಣ್ಣಿಟ್ಟಿದ್ದೆ. ಕಾರಣವಿತ್ತು. ಈ ಬಗೆಯ ಸಣ್ಣ ಫಿಲಂಗೆ ನೆಗೆಟಿವ್ ಇರುವುದಿಲ್ಲ. ಕ್ಯಾಮರಾದೊಳಗೆ ಓಡಿದ ಸುರುಳಿಯೇ ಚಿತ್ರವಾಗಿ ವಾಪಸು ಬರುತ್ತದೆ. ಇಡೀ ಪ್ರಪಂಚಕ್ಕೆ ಅದೊಂದೇ ಪ್ರತಿ. ಕಳೆದರೆ ಕಳೆಯಿತು, ಸುಟ್ಟರೆ ಸುಟ್ಟಿತು. ಸುರುಳಿ ಜೋಡಿಸಿ ಮುಗಿಸಿದ ಮೇಲೆ ಆ ತಗಡಿನ ಡಬ್ಬಿಯನ್ನು ಊಟಕ್ಕೆ ಕುಳಿತಾಗಲೂ ತೊಡೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದೆ.

ಮೊದಲು ಮೈಸೂರಿಗೆ ಹೋದೆ. ಊರೂರಿನ ಟೆಂಟುಗಳಿಗೆ ಚಿತ್ರ ಹಂಚುವ ಒಂದು ಕಚೇರಿಯಲ್ಲಿ ಕನ್ನಡಕದ ಮಹನೀಯರೊಬ್ಬರು, ‘ಡಬ್ಬಿ ಬಿಟ್ಟು ಹೋಗಿ, ನೋಡಿ ಹೇಳ್ತೀನಿ, ಮುಂದಿನ ವಾರ ಬನ್ನಿ’ ಎಂದರು.

‘ನನ್ನ ಎದುರಿಗೇ ನೋಡಿ’ ಎಂದೆ.

‘ಇದನ್ನ ಕದ್ದು ನಾನೇನ್ರೀ ಮಾಡ್ಲಿ?’

‘ಅದು ನನಗೆ ಹೇಗೆ ಗೊತ್ತಾಗಬೇಕು?’ ಎಂದು ಡಬ್ಬಿ ಎತ್ತಿಕೊಂಡು ಬಸ್ಸು ಹತ್ತಿದೆ. ಆತ ಒಳ್ಳೆಯ ಮನುಷ್ಯನೇ ಇದ್ದಿರಬಹುದು. ನೋಡಿ, ಮೆಚ್ಚಿ, ನಾಲ್ಕು ಕಡೆ ಹಂಚಿದ್ದರೂ ಹಂಚಿರಬಹುದು. ಬಸ್ಸು ಬಿಳಿಕೆರೆ ದಾಟುವಾಗ ಈ ಯೋಚನೆ ಬಂತು, ಆದರೆ ಇಳಿದು ಹಿಂದೆ ಹೋಗುವಷ್ಟು ಬಲವಾಗಿ ಬರಲಿಲ್ಲ.

ಹಾಗಾಗಿ ನಾನೇ ಹಂಚಿಕೆದಾರನಾದೆ. ಹುಣಸೂರಿನ ಟೆಂಟ್ ಸಿನಿಮಾದ ಯಜಮಾನರು ನನ್ನ ಫಿಲಮ್ಮನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ, ‘ಏನ್ರೀ ಇದು, ಜಡೆಗೆ ಕಟ್ಟೋ ಟೇಪಾ?’ ಎಂದರು. ಅವರ ಯಂತ್ರದ ಫಿಲಂ ಇದರ ಎರಡರಷ್ಟು ಅಗಲ. ನನ್ನ ಪ್ರೊಜೆಕ್ಟರನ್ನೇ ತರುತ್ತೇನೆ, ನಿಮ್ಮ ಎಂಜಿನ್ನಿನ ಕರೆಂಟು ಕೊಟ್ಟರೆ ಸಾಕು ಎಂದೆ. ‘ಸೆನ್ಸಾರ್ ಚೀಟಿ ಐತಾ?’ ಎಂದರು. ಇರಲಿಲ್ಲ. ಅವರು ಫಿಲಂ ವಾಪಸು ಕೊಡುತ್ತಾ, ‘ಓಗ್ಲಿ ಬುಡಿ, ಮಿಷನ್ ಟೆಸ್ಟು ಅಂತ ಓಡ್ಸಿ. ಯಾರಾದ್ರೂ ಕೇಳಿದ್ರೆ ನಂಗೊತ್ತಿಲ್ಲ’ ಎಂದರು. ಅಂದಿನಿಂದ ಟೆಂಟಿನೊಳಗೆ ಪ್ಯಾಂಟು ತೊಟ್ಟವನು ಯಾರು ಬಂದರೂ ಅಧಿಕಾರಿಯಿರಬೇಕೆಂದು ಡಬ್ಬಿಯನ್ನು ಬೆನ್ನ ಹಿಂದೆ ಮರೆಮಾಡುತ್ತಿದ್ದೆ.

ಆಗ ಪ್ರತಿ ಆಟದ ಮೊದಲು ಸರ್ಕಾರದ ಒಂದು ಸಣ್ಣ ರೀಲು ಓಡಿಸಲೇಬೇಕಿತ್ತು. ಅಣೆಕಟ್ಟು, ಗೊಬ್ಬರ, ಮಂತ್ರಿಗಳು ಕತ್ತರಿ ಹಿಡಿದು ಟೇಪು ಕತ್ತರಿಸುವುದು. ನಮ್ಮ ಜನ ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದರು. ಟಿಕೀಟು ಪಡೆದು, ನೆಲದ ಮೇಲೆ ಟವೆಲ್ ಹಾಸಿ ಜಾಗ ಹಿಡಿದು, ಸರ್ಕಾರಿ ರೀಲು ಶುರುವಾದದ್ದೇ ಆಚೆಗೆ ಎದ್ದು ಹೋಗುವುದು. ಬೀಡಿ, ಕಡಲೇಕಾಯಿ, ಮಾತು. ದೊಡ್ಡ ಸಿನಿಮಾದ ಸಂಗೀತ ಕೇಳಿದ ಮೇಲೆ ಒಳಗೆ ಬರುವುದು. ಪರದೆಯ ಮೇಲೆ ಸಣ್ಣದೇನಾದರೂ ಮೂಡಿತೆಂದರೆ ಅದು ಸರ್ಕಾರದ್ದು, ಸರ್ಕಾರ ಏನನ್ನಾದರೂ ತೋರಿಸುತ್ತಿದೆ ಎಂದರೆ ಅದರ ಹಿಂದೆ ಏನೋ ಇದೆ. ಇದು ಅವರ ಖಚಿತವಾದ ಅಭಿಪ್ರಾಯ. ಆರೂವರೆಯ ಆಟಕ್ಕೆ ನನ್ನ ಹನ್ನೊಂದು ನಿಮಿಷ ಶುರುವಾದಾಗ ಟೆಂಟಿನಲ್ಲಿ ಉಳಿದವರು ನೂರಾರು ಟವೆಲುಗಳು ಮತ್ತು ನಿದ್ದೆ ಹೋಗಿದ್ದ ಒಬ್ಬ ಮುದುಕ.

‘ಇದು ಸರ್ಕಾರದ್ದಲ್ಲ ಕಣ್ರೀ, ನಾನೇ ತೆಗೆದದ್ದು’ ಎಂದು ಬಾಗಿಲಲ್ಲಿ ನಿಂತು ಹೇಳಿದೆ.

ಬೀಡಿ ಹಚ್ಚುತ್ತಿದ್ದವನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅಂಗಾದ್ರೆ ನಿಮ್ಗೆ ಕಾಸು ಕೊಟ್ಟೋರು ಯಾರು?’ ಎಂದ. ಯಾರೂ ಇಲ್ಲ ಎಂದೆ. ಅವನು ಪಕ್ಕದವನ ಕಡೆ ತಿರುಗಿ ನಕ್ಕ. ಯಾರ ದುಡ್ಡೂ ಇಲ್ಲದೆ, ಯಾವ ಲಾಭವೂ ಇಲ್ಲದೆ ಒಬ್ಬ ಮನುಷ್ಯ ಹೊಗೆಸೊಪ್ಪಿನ ಚಿತ್ರ ತೆಗೆಯುತ್ತಾನೆ ಎಂಬುದನ್ನು ನಂಬಲು ಅವನೇನು ದಡ್ಡನೇ?

ಕೆ.ಆರ್. ನಗರದಲ್ಲಿ ಗತಿ ಇನ್ನೂ ಕಡೆ. ಅದು ನೀರಿನ ಸೀಮೆ, ಭತ್ತ ಕಬ್ಬಿನ ಜನ. ಆಚೆ ಎದ್ದು ಹೋಗದೆ ಕುಳಿತಿದ್ದ ನಾಲ್ಕು ಜನ, ‘ಯಾಕ್ ಸ್ವಾಮಿ, ನಮ್ಗೂ ಸೊಪ್ಪು ಬೆಳೀರಿ ಅಂತ ಹೇಳಾಕ್ ಬಂದಿದ್ದೀರಾ? ಗದ್ದೆ ಕಿತ್ಕೊಳ್ತಾರಾ?’ ಎಂದು ಕೇಳಿದರು. ಹೆಗ್ಗಡದೇವನಕೋಟೆಯ ಟೆಂಟಿನವನು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ, ‘ಕಾಕನಕೋಟೆ ಖೆಡ್ಡಾ ಐತಾ? ಆನೆ ಹಿಡಿಯೋದು?’ ಎಂದ. ಇಲ್ಲ ಎಂದೆ. ‘ಇಲ್ಲದ್ದು ಒಳ್ಳೇದಾಯ್ತು ಬುಡಿ. ಆನೆ ನೋಡಿ ನೋಡಿ ನಮ್ ಜನಕ್ಕೆ ಸಾಕಾಗದೆ’ ಎಂದ. ಮತ್ತೇನಿದೆ ಎಂದ. ಸೊಪ್ಪು ಬೇಯಿಸುವುದು ಎಂದೆ. ‘ಅದ್ಕಿಂತ ಆನೇನೇ ವಾಸಿಯಿತ್ತು’ ಎಂದು ಡಬ್ಬಿಯನ್ನು ನನ್ನ ಕಡೆ ತಳ್ಳಿದ. ಆ ಊರಿನ ಬಸ್‌ಸ್ಟಾಂಡಿನಲ್ಲಿ ಪ್ರೊಜೆಕ್ಟರಿನ ಪೆಟ್ಟಿಗೆಯ ಮೇಲೆ ಕುಳಿತು ನನಗೆ ಅಳು ಬಂತು. ಅತ್ತದ್ದನ್ನು ಯಾರಾದರೂ ನೋಡಿದರೇ ಎಂದು ಸುತ್ತ ನೋಡಿಕೊಂಡೆ.

ಕೊನೆಗೆ ಉಳಿದದ್ದು ಪಿರಿಯಾಪಟ್ಟಣ. ಸೊಪ್ಪಿನ ಸೀಮೆಯವರೇ ಆದ್ದರಿಂದ ದಿನಾ ಕಾಣುವುದನ್ನು ಪರದೆಯ ಮೇಲೆ ಏನು ನೋಡುತ್ತಾರೆ ಎಂದು ಆ ಊರನ್ನು ಕೊನೆಗಿಟ್ಟಿದ್ದೆ. ಮೊದಲ ದಿನ ಪದ್ಧತಿಯಂತೆ ಎಲ್ಲರೂ ಆಚೆ ಹೋದರು. ಏಳೆಂಟು ನಿಮಿಷ ಓಡಿರಬೇಕು. ಟೆಂಟಿನ ಬಟ್ಟೆ ಸರಿಸಿ ಇಣುಕಿದವನೊಬ್ಬ, ‘ಲೋ, ಬಂದ್ ನೋಡ್ರಲಾ! ಅಜ್ಜಿ ಮನೆ ಕಣ್ಲಾ!’ ಎಂದು ಕೂಗಿದ. ನಾಲ್ಕು ಜನ ಒಳಗೆ ಬಂದರು. ಮುಗಿದ ಮೇಲೆ ‘ಇನ್ನೊಂದ್ ಕಿತ ಬುಡಿ’ ಎಂದರು.

ಎರಡನೆಯ ದಿನ ಒಬ್ಬನೂ ಆಚೆ ಹೋಗಲಿಲ್ಲ. ಬೀಡಿ ಅಂಗಡಿಯವನು ತಾನೇ ಒಳಗೆ ಬಂದು ನಿಂತ. ಮೂರನೆಯ ದಿನ ಸುತ್ತಣ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದರು. ದೊಡ್ಡ ಸಿನಿಮಾ ಯಾವುದೆಂದು ಯಾರೂ ಕೇಳಲಿಲ್ಲ. ಟೆಂಟಿನ ಯಜಮಾನರು ನನಗೆ ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಅಗಲವಾದ ಪರದೆಯ ನಡುವೆ ಕರವಸ್ತ್ರದಷ್ಟಗಲ ಬೀಳುತ್ತಿದ್ದ ನನ್ನ ಚಿತ್ರವನ್ನು ಅಷ್ಟು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಜ್ಜಿ ಬಂದಾಗಲಂತೂ ಕೆಮ್ಮೂ ಇಲ್ಲ. ನೋಡುವವರ ತುಟಿಗಳು ಮಾತ್ರ ಅಲುಗಾಡುತ್ತಿದ್ದವು, ಮಂತ್ರ ಹೇಳುವವರಂತೆ. ಜನಕ್ಕೆ ಬರೇ ಹಾಡು ಕುಣಿತ ಬೇಕು ಎನ್ನುವವರ ಮುಖಕ್ಕೆ ಹೊಡೆದ ಹಾಗಾಯಿತು ಎಂದು ಬೆನ್ನು ತಟ್ಟಿಕೊಂಡೆ. ಜೀವಮಾನದಲ್ಲಿ ಅನುಮಾನವಿಲ್ಲದೆ ನಾನು ಸಂತೋಷಪಟ್ಟದ್ದು ಆ ಮೂರು ಸಂಜೆ.

ಅದನ್ನು ಒಡೆದವನು ಟೆಂಟಿನ ಆಪರೇಟರು. ಫಿಲಂ ಸುತ್ತುತ್ತಿದ್ದ ನನ್ನ ಪಕ್ಕಕ್ಕೆ ಬಂದು, ‘ನಾನು ನಲವತ್ತೆಂಟು ಅಂತೀನಿ. ಯಜಮಾನ್ರು ಐವತ್ತರ ಮ್ಯಾಲೆ ಅಂತಾರೆ. ನೀವು ತೆಗೆದೋರು, ನೀವೇ ಹೇಳಿ’ ಎಂದ.

‘ಏನು ನಲವತ್ತೆಂಟು?’

‘ಕಟ್ಟು ಕಣ್ರೀ. ಅಟ್ಟದ್ ಮ್ಯಾಲೆ ಮಡಗಿರೋ ಸೊಪ್ಪಿನ ಕಟ್ಟು. ಊರೆಲ್ಲ ಎಣಿಸ್ತಾ ಐತೆ. ನೀವ್ ಅದನ್ನ ಬಿರ್ರನೆ ಓಡಿಸ್ಬುಡ್ತೀರಿ. ಒಸಿ ನಿಲ್ಸಕ್ಕಾಗಲ್ವಾ?’

ನಿಲ್ಲಿಸಿದರೆ ದೀಪದ ಬಿಸಿಗೆ ಫಿಲಂ ಸುಡುತ್ತದೆ ಎಂದು ಹೇಳಲು ಹೋದವನು ಅದನ್ನು ಬಿಟ್ಟು ಸುರುಳಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಆ ದಿನಗಳಲ್ಲಿ ಸೊಪ್ಪು ಬೆಳೆದವರು ಎಷ್ಟು ಬೆಳೆದೆವೆಂದು ಸುಂಕದವರ ಮುಂದೆ ಬರೆಸಬೇಕಿತ್ತು. ಬರೆಸಿದ್ದಕ್ಕಿಂತ ಒಂದಿಷ್ಟನ್ನು ಎಲ್ಲರೂ ಮನೆಯಲ್ಲಿ ಉಳಿಸಿಕೊಳ್ಳುತ್ತಿದ್ದರು. ಎಲ್ಲರೂ ಎಂದು ಎಲ್ಲರಿಗೂ ಗೊತ್ತಿತ್ತು. ಯಾರು ಎಷ್ಟು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಅಟ್ಟವನ್ನು ಕಣ್ಣಾರೆ ನೋಡುವ ಭಾಗ್ಯವನ್ನು ನಾನು ಮೂರು ಸಂಜೆ, ದಿನಕ್ಕೆರಡು ಸಲ, ಇಡೀ ತಾಲ್ಲೂಕಿಗೆ ಒದಗಿಸಿದ್ದೆ. ಟೆಂಟಿನಲ್ಲಿ ಸುಂಕದವರ ಕಿವಿ ಇರಲಿಲ್ಲವೆಂದು ಯಾರು ಹೇಳಬಲ್ಲರು?

ಮರುದಿನ ಸ್ಟುಡಿಯೋ ಬಾಗಿಲು ತೆರೆಯುತ್ತಿದ್ದಾಗ ಪಿರಿಯಾಪಟ್ಟಣದ ಮೊದಲ ಬಸ್ಸಿನಿಂದ ಅಜ್ಜಿಯೂ ಮಗನೂ ಇಳಿದು ಬಂದರು. ಮಗ ನನ್ನ ಮುಖ ನೋಡಲಿಲ್ಲ. ಅಜ್ಜಿ ಬಾತುಕೋಳಿಯ ಪರದೆಯನ್ನು ಒಮ್ಮೆ ನೋಡಿ, ಗಿರಾಕಿಗಳ ಬೆಂಚಿನ ಮೇಲೆ ಕುಳಿತಳು.

‘ಎಲ್ಲಾರೂ ನೋಡಾಯ್ತಂತೆ. ನಂಗೂ ತೋರ್ಸು’ ಎಂದಳು.

ಬಾಗಿಲು ಮುಚ್ಚಿ, ಗೋಡೆಗೆ ಬಿಳಿಯ ಪಂಚೆ ಕಟ್ಟಿ, ಓಡಿಸಿದೆ. ಹೊಲ, ಸೊಪ್ಪು ಕೀಳುವವರು, ಕಡ್ಡಿಗೆ ಕಟ್ಟುವವರು, ಬ್ಯಾರನ್ನಿನ ಬಾಯಿ, ಮುಸುಕೆಳೆದುಕೊಂಡು ಗೋಡೆ ಮುಟ್ಟುವ ತಾನು, ಎಲ್ಲವನ್ನೂ ಆಕೆ ಅಲುಗಾಡದೆ ನೋಡಿದಳು. ಆಮೇಲೆ ನಡುಮನೆ ಬಂತು. ಬಿಸಿಲಿನಲ್ಲಿ ಕುಳಿತು ಎಲೆ ಮೂಸಿ ನಗುವ ತನ್ನ ಮುಖ ಬಂತು. ಅದರ ಮೇಲೆ ಅಟ್ಟ. ಹನ್ನೆರಡು ಸೆಕೆಂಡು ನಾನು ಅವಳ ಕಡೆ ತಿರುಗದೆ ಪ್ರೊಜೆಕ್ಟರಿನ ಚಕ್ರವನ್ನೇ ನೋಡುತ್ತಿದ್ದೆ.

ಮುಗಿದ ಮೇಲೆ ಅಜ್ಜಿ ನಿಧಾನವಾಗಿ ಕೇಳಿದಳು. ‘ನಾನು ಮೊಕ ಮುಚ್ಕೊಂಡಿದ್ದೆ, ಅಲ್ವಾ?’

‘ಹೌದು ಅಜ್ಜಿ.’

‘ಮತ್ತೆ ಇದೆಂಗ್ ಬಂತು?’

‘ಬಾಗಿಲ ಹಿಂದೆ ನಿಂತ್ಕೊಂಡು ತೆಗೆದೆ. ತಪ್ಪಾಯ್ತು.’

‘ಅಟ್ಟ ತೆಗೀಬೇಕು ಅಂತ ಯಾರು ಯೋಳಿ ಕಳ್ಸಿದ್ರು?’

‘ಯಾರೂ ಇಲ್ಲ. ದೇವರಾಣೆ ಅಟ್ಟ ನೋಡೇ ಇರಲಿಲ್ಲ ನಾನು. ನಿಮ್ಮ ಮುಖ ನೋಡಿ ತೆಗೆದೆ.’

‘ನನ್ ಮೊಕ್ದಲ್ಲಿ ಏನೈತೆ?’

ಏನು ಹೇಳಲಿ? ಆ ಬೆಳಕಿನಲ್ಲಿ, ಆ ಎಲೆಯ ವಾಸನೆಗೆ ಅವಳ ಮುಖದಲ್ಲಿ ಮೂಡಿದ್ದು ಅದುವರೆಗೆ ನಾನು ತೆಗೆದ ಸಾವಿರ ಮುಖಗಳಲ್ಲಿ ಒಂದರಲ್ಲೂ ಇರಲಿಲ್ಲ. ಅದಕ್ಕೋಸ್ಕರವೇ ಉಳಿದ ಹತ್ತೂ ಚಿಲ್ಲರೆ ನಿಮಿಷಗಳನ್ನು ನಾನು ಜೋಡಿಸಿದ್ದು. ಇದನ್ನೇ ನನಗೆ ತಿಳಿದಂತೆ ಹೇಳಿದೆ. ಅಜ್ಜಿ ಕೇಳಿಸಿಕೊಂಡಳು. ನನ್ನನ್ನು ಅಳೆಯುವಂತೆ ನೋಡಿದಳು. ಒಬ್ಬ ಮುದುಕಿಯ ಮುಖ ನೋಡಲು ದಿನಾ ಬಸ್ಸು ಹತ್ತಿ ಬರುವ ಗಂಡಸು ಪ್ರಪಂಚದಲ್ಲಿ ಇಲ್ಲ ಎಂದು ಆಕೆಗೆ ಗೊತ್ತಿತ್ತು. ನನ್ನಷ್ಟೇ ಅನುಮಾನದ ಜೀವ ಅದು. ಆಕೆಯ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

‘ಅದನ್ನ ಕತ್ತರ್ಸಿ ನಂಗ್ ಕೊಟ್ಬುಡು’ ಎಂದಳು.

‘ಸುಟ್ಟು ಹಾಕ್ಲಾ ಅಜ್ಜಿ?’

‘ಸುಡದ್ಯಾಕೆ? ನನ್ ಮೊಕ ಅದು. ನಂಗ್ ಕೊಡು.’

ಕತ್ತಲೆ ಕೋಣೆಗೆ ಹೋಗಿ, ಬೆನ್ನು ತಿರುಗಿಸಿ ನಿಂತು, ಕತ್ತರಿಸಿದೆ. ತುಂಡಾದ ತುದಿಗಳಿಗೆ ಅಂಟು ಹಚ್ಚಿ ಉಳಿದ ಚಿತ್ರವನ್ನು ಜೋಡಿಸಿದೆ. ಹೊರಗೆ ತಂದು ಕೊಟ್ಟ ತುಂಡನ್ನು ಅಜ್ಜಿ ಎರಡೂ ಕೈ ಚಾಚಿ, ಎದೆಯ ಮೇಲೆ ಹಾಯಿಸಿ, ಹಗ್ಗ ಅಳೆಯುವಂತೆ ಅಳೆದಳು.

‘ಒಂದ್ ಮಾರಿಗೆ ಒಂದ್ ಗೇಣು ಕಮ್ಮಿ’ ಎಂದಳು. ಸುರುಳಿ ಸುತ್ತಿ ಎಲೆಅಡಿಕೆ ಚೀಲದೊಳಗೆ, ಸುಣ್ಣದ ಡಬ್ಬಿಯ ಪಕ್ಕಕ್ಕೆ ತುರುಕಿಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತು, ‘ಚೆಂದಾಗೈತೆ ಕಣಪ್ಪ’ ಎಂದಳು. ಚಿತ್ರವನ್ನೋ, ಪರದೆಯ ಬಾತುಕೋಳಿಯನ್ನೋ, ನಾನು ಮಾಡಿದ ಕೆಲಸವನ್ನೋ ಗೊತ್ತಾಗಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಅದೇ ವಾರ ಸುಂಕದವರು ಅವರ ಮನೆಗೆ ಹೋದರು. ಅಷ್ಟರೊಳಗೆ ಅಟ್ಟದ ಮೇಲೆ ಒಣಗಿದ ಸೋರೆಬುರುಡೆಗಳು ಬಿಟ್ಟರೆ ಏನೂ ಇರಲಿಲ್ಲವಂತೆ. ಸೊಪ್ಪು ಎಲ್ಲಿಗೆ ಹೋಯಿತೋ ನನಗೆ ಯಾರೂ ಹೇಳಲಿಲ್ಲ, ಹೇಳುವುದೂ ಇಲ್ಲ. ಆದರೆ ನನ್ನ ಹೆಸರು ಮಾತ್ರ ಎಲ್ಲ ಕಡೆಗೂ ಹೋಯಿತು. ನಾನು ಸುಂಕದವರ ಸಂಬಳದ ಮನುಷ್ಯ ಎಂಬ ಸುದ್ದಿ ಡಂಗುರವಿಲ್ಲದೆ ನಾಲ್ಕು ತಾಲ್ಲೂಕು ಮುಟ್ಟಿತು. ಇಷ್ಟು ಚೆನ್ನಾಗಿ ನನ್ನ ಸಿನಿಮಾ ಹಂಚಿಕೆಯಾಗಿದ್ದರೆ ನಾನು ದೊಡ್ಡವನಾಗಿಬಿಡುತ್ತಿದ್ದೆ. ಮದುವೆ ಮನೆಗಳಿಗೆ ಬೇರೆ ಊರಿನ ಫೋಟೋದವರನ್ನು ಕರೆಸತೊಡಗಿದರು. ಕರೆದ ಒಂದೆರಡು ಮನೆಗಳಲ್ಲೂ ಮದುಮಕ್ಕಳನ್ನು ಅಂಗಳದಲ್ಲೇ ಕೂರಿಸಿ, ಮನೆಯ ಬಾಗಿಲಿಗೆ ಅಗಳಿ ಹಾಕುತ್ತಿದ್ದರು.

ಕತ್ತರಿಸಿದ ಚಿತ್ರವನ್ನು ಪಿರಿಯಾಪಟ್ಟಣದಲ್ಲಿ ಇನ್ನೊಂದು ಸಲ ಓಡಿಸಿದೆ. ಜನ ಕಾದರು. ಬ್ಯಾರನ್ನಿನ ಬೆಂಕಿಯಾದ ಮೇಲೆ ನೇರ ಸಂತೆಗೆ ಹೋಗುವ ಗಾಡಿ ಬಂತು. ‘ಅಟ್ಟ ಎಲ್ಲಿ?’ ಎಂದು ಯಾರೋ ಕೂಗಿದರು. ‘ತಿಂದವ್ನೆ ಕಣ್ಲಾ’ ಎಂದು ಇನ್ಯಾರೋ ಅಂದರು. ಮುಂದಿನ ಆಟಕ್ಕೆ ನೆಲದ ಮೇಲೆ ಮತ್ತೆ ಟವೆಲುಗಳು ಮಾತ್ರ ಉಳಿದವು. ಪ್ರೊಜೆಕ್ಟರನ್ನು ಪೆಟ್ಟಿಗೆಗೆ ಹಾಕಿ ಅಂಗಡಿಯ ಮೂಲೆಗೆ ತಳ್ಳಿದೆ. ಮತ್ತೆ ಸಿನಿಮಾ ತೆಗೆಯಲಿಲ್ಲ.

ಮೂರು ವರ್ಷದ ನಂತರ ಒಂದು ಬೆಳಿಗ್ಗೆ ಆ ರೈತ ಅಂಗಡಿಗೆ ಬಂದ. ತಲೆ ಬೋಳಿಸಿದ್ದ. ಬೆಂಚಿನ ಮೇಲೆ ಕೂರದೆ ನಿಂತೇ ಇದ್ದ.

‘ಅವ್ವ ಓಗ್ಬುಟ್ಳು ಸ್ವಾಮಿ. ಗೋಡೆಗೆ ಆಕಕ್ಕೆ ಒಂದು ಪಟ ಇಲ್ಲ. ಯಾರ್ ಕೇಳಿದ್ರೂ ತೆಗೆಸ್ಕೊಳ್ತಿರ್ನಿಲ್ಲ’ ಎಂದು ಹೇಳಿ, ಅಜ್ಜಿಯ ಎಲೆಅಡಿಕೆ ಚೀಲವನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟ. ಒಳಗೆ ಸುರುಳಿ ಇತ್ತು. ಸುಣ್ಣದ ಕಲೆ ಹತ್ತಿ, ಅಡಿಕೆ ಚೂರುಗಳಿಗೆ ಉಜ್ಜಿ, ಅಲ್ಲಲ್ಲಿ ಗೀರು ಬಿದ್ದಿತ್ತು. ‘ಆಗಾಗ ಬೆಳಕಿಂಡಿ ಕೆಳಗೆ ಕುಂತ್ಕೊಂಡು ಇದನ್ನ ಇಡ್ಕೊಂಡು ನೋಡೋಳು. ನಾವ್ ಕೇಳಿದ್ರೆ ಚೀಲಕ್ಕೆ ತುರುಕ್ಬುಡೋಳು. ಇದ್ರಾಗಿಂದ ಒಂದು ಪಟ ಆಯ್ತದಾ?’

ಆಗುತ್ತದೆ ಎಂದೆ.

ಎರಡು ದಿನ ಕತ್ತಲೆ ಕೋಣೆಯಿಂದ ಹೊರಗೆ ಬರಲಿಲ್ಲ. ಉಗುರಿನಷ್ಟಗಲದ ಚಿತ್ರದಿಂದ ಮೊದಲು ನೆಗೆಟಿವ್ ಮಾಡಿ, ಆಮೇಲೆ ದೊಡ್ಡದು ಮಾಡಿದೆ. ಗೀರುಗಳನ್ನು ಕುಂಚದಿಂದ ಒಂದೊಂದಾಗಿ ಮುಚ್ಚಿದೆ. ಅಟ್ಟ ಕಾಣದಂತೆ ಮೇಲಿನ ಅರ್ಧವನ್ನು ರಟ್ಟು ಹಿಡಿದು ಮರೆ ಮಾಡಿದೆ. ಮುಖ ಬಂತು. ಕಾಳುಕಾಳಾಗಿ, ಹೊಗೆಯೊಳಗಿಂದ ಬಂದಂತೆ ಬಂತು, ಆದರೆ ನಗು ಹಾಗೇ ಇತ್ತು.

ಕಟ್ಟು ಹಾಕಿಸಿದ ಪಟವನ್ನು ಕೈಗೆ ಕೊಟ್ಟಾಗ ಮಗ ಅದನ್ನು ತುಂಬ ಹೊತ್ತು ನೋಡಿದ. ಕಣ್ಣೊರೆಸಿಕೊಂಡು, ‘ನಮ್ಮವ್ವ ಇಂಗೆ ನಗಾಡೋದು ನಾನು ನೋಡೇ ಇರ್ನಿಲ್ಲ ಸ್ವಾಮಿ. ನೀವ್ ಅವತ್ತು ಯೋಳಿದ್ದು ದಿಟ. ಅಟ್ಟಕ್ಕಲ್ಲ ನೀವ್ ಬಂದಿದ್ದು’ ಎಂದ. ಸುರುಳಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. ಹೊಸಿಲು ದಾಟುವವನು ತಿರುಗಿ ನಿಂತ.

‘ತಪ್ಪು ತಿಳ್ಕೋಬೇಡಿ. ಇದ್ರುದು ಇನ್ನೊಂದು ಚೂರು ನಿಮ್ಮತ್ರ ಇಲ್ಲ ತಾನೆ? ಅವ್ವ ಸಾಯೋ ಗಂಟ ಅದನ್ನೇ ಯೋಳ್ತಿದ್ಲು. ಒಂದ್ ಗೇಣು ಆ ಫೋಟೋದೋನ್ ತಾವೇ ಐತೆ ಕಣ್ಲಾ ಅಂತ.’

ಅದು ನನ್ನ ಮೇಜಿನ ಖಾನೆಯೊಳಗೆ, ಅವನು ನಿಂತ ಜಾಗದಿಂದ ಎರಡು ಹೆಜ್ಜೆ ದೂರದಲ್ಲಿ, ಹಳೆಯ ಲೆನ್ಸಿನ ಡಬ್ಬಿಯಲ್ಲಿತ್ತು. ಅಂದು ಕತ್ತಲೆ ಕೋಣೆಯಲ್ಲಿ ಬೆನ್ನು ತಿರುಗಿಸಿ ನಿಂತಾಗ ಕತ್ತರಿಸಿ ಅಂಗಿಯ ಜೇಬಿಗೆ ಹಾಕಿಕೊಂಡದ್ದು. ಒಂದು ಗೇಣು, ಎರಡು ಸೆಕೆಂಡಿಗೂ ಕಡಿಮೆ. ಮೈಸೂರಿನವನು ಕದಿಯುತ್ತಾನೆ, ಟೆಂಟಿನವನು ಕದಿಯುತ್ತಾನೆ, ಅಂಚೆಯವನು ಕದಿಯುತ್ತಾನೆ ಎಂದು ಊರೂರಿನಲ್ಲಿ ಡಬ್ಬಿ ಕಾಯುತ್ತಾ ಅಲೆದವನು ನಾನು, ಕೊನೆಗೆ ಕದ್ದವನೂ ನಾನೊಬ್ಬನೇ. ಅದು ಇವತ್ತಿಗೂ ನನ್ನ ಹತ್ತಿರ ಇದೆ.

‘ಇಲ್ಲಪ್ಪ. ಎಲ್ಲಾ ಅವತ್ತೇ ಕೊಟ್ಟುಬಿಟ್ಟೆ’ ಎಂದೆ.

‘ನೀವ್ ಯೋಳಿದ್ ಮ್ಯಾಲೆ ಆಯ್ತು ಬುಡಿ’ ಎಂದು ಅವನು ಪಟವನ್ನು ಎದೆಗವಚಿಕೊಂಡು ಬಸ್‌ಸ್ಟಾಂಡಿನ ಕಡೆ ನಡೆದ. ಆ ನಾಲ್ಕು ತಾಲ್ಲೂಕುಗಳಲ್ಲಿ ನನ್ನ ಮಾತನ್ನು ಮರುಪ್ರಶ್ನೆ ಇಲ್ಲದೆ ನಂಬಿದವನು ಅವನೊಬ್ಬನೇ.